ಪಿಟೀಲು ನುಡಿಸಿ ಮತ ಕೇಳುವುದು ಅಪಚಾರವೇ?

ಮಾನ್ಯರೇ,

ಅಮೆರಿಕದ ಸೆನೆಟ್ ಸದಸ್ಯರಾಗಿದ್ದ ಜಾನಪದ ಪಿಟೀಲುವಾದಕ ರಾಬರ್ಟ್ ಬರ್ಡ್ ಅವರನ್ನು ಕುರಿತ ನಮ್ಮ ಲೇಖನವನ್ನು ಓದಿ, ವಾದ್ಯವನ್ನು ಮತಯಾಚನೆಗೆ ಬಳಸಿದವರನ್ನು ಕಲಾವಿದರೆಂದು ಗೌರವಿಸುವುದು ಕಲೆಗೆ ಬಗೆಯುವ ಅಪಚಾರವಲ್ಲವೇ ಎಂದು ಕೇಳಿದ್ದೀರಿ.

ಪಿಟೀಲು ಎಂದೊಡನೆ ಚೌಡಯ್ಯನವರ ಕಛೇರಿಯನ್ನು ನೆನೆಯುವ ನಮಗೆ ಈ ಸಂಕೋಚ ಸಹಜ. ಆದರೆ ಅಮೆರಿಕದ ಪೂರ್ವಭಾಗದ ಅಪಲೇಚಿಯನ್ ಬೆಟ್ಟಸೀಮೆಯಲ್ಲಿ ಅದು ಬೆಳೆದದ್ದು ವೇದಿಕೆಯ ಮೇಲಲ್ಲ. ಸ್ಕಾಟ್ಲೆಂಡ್, ಐರ್ಲೆಂಡ್‌ಗಳಿಂದ ವಲಸೆ ಬಂದವರು ತಂದ ಮಟ್ಟುಗಳು ಅಲ್ಲಿನ ಜಗಲಿಗಳಲ್ಲಿ, ಕುಣಿತದ ಕೂಟಗಳಲ್ಲಿ ಕೇಳಿ ಕಲಿತವರಿಂದಲೇ ಉಳಿದುಬಂದವು. ಹೆಜ್ಜೆಯ ಸದ್ದನ್ನು ಮೀರಿ ಕೇಳಿಸಬೇಕಾಗಿದ್ದುದರಿಂದ ವಾದಕರು ಎರಡು ತಂತಿಗಳ ಮೇಲೆ ಒಟ್ಟಿಗೆ ಕಮಾನು ಎಳೆದು, ಒಂದರಲ್ಲಿ ಮಟ್ಟನ್ನೂ ಇನ್ನೊಂದರಲ್ಲಿ ಶ್ರುತಿಯಂತೆ ನಿಲ್ಲುವ ಸ್ವರವನ್ನೂ ನುಡಿಸುತ್ತಿದ್ದರು. ಜನ ಸೇರುವಲ್ಲೆಲ್ಲ ಪಿಟೀಲು ಇರುತ್ತಿದ್ದ ಆ ನಾಡಿನಲ್ಲಿ ಅದು ಚುನಾವಣಾ ಸಭೆಗೂ ಬಂದದ್ದರಲ್ಲಿ ನನಗೆ ಅಪಚಾರ ಕಾಣುವುದಿಲ್ಲ. 1886ರಲ್ಲಿ ಟೆನೆಸೀ ರಾಜ್ಯದ ಗವರ್ನರ್ ಹುದ್ದೆಗೆ ಎದುರು ಬದುರಾಗಿ ನಿಂತ ಬಾಬ್ ಮತ್ತು ಆಲ್ಫ್ ಟೇಲರ್ ಸೋದರರು ಹಗಲು ಒಂದೇ ಸಭೆಯಲ್ಲಿ ವಾದಿಸಿ, ಇರುಳು ಜೊತೆಯಾಗಿ ಪಿಟೀಲು ನುಡಿಸಿದರು. ಗೆದ್ದವರು ಬಾಬ್, ಆಲ್ಫ್ ಅದೇ ಹುದ್ದೆಗೇರಿದ್ದು 1921ರಲ್ಲಿ.

ಬರ್ಡ್ ಅವರ ವಿಷಯ ಇಷ್ಟು ಸರಳವಲ್ಲ. 1918ರ ಜ್ವರದ ಪಿಡುಗಿನಲ್ಲಿ ತಾಯಿಯನ್ನು ಕಳೆದುಕೊಂಡು, ಪಶ್ಚಿಮ ವರ್ಜೀನಿಯಾದ ಕಲ್ಲಿದ್ದಲು ಗಣಿಗಳ ನಡುವೆ ಬಂಧುಗಳ ಮನೆಯಲ್ಲಿ ಬೆಳೆದ ಅವರು, 1946ರಲ್ಲಿ ರಾಜ್ಯ ಶಾಸನಸಭೆಗೆ ನಿಂತಾಗ ಪಿಟೀಲನ್ನೂ ಜೊತೆಗೊಯ್ದರು. 1959ರಿಂದ 2010ರಲ್ಲಿ ತೀರಿಕೊಳ್ಳುವವರೆಗೆ ಸೆನೆಟ್‌ನಲ್ಲಿದ್ದರು; ಅಲ್ಲಿ ಬಹುಮತ ಪಕ್ಷದ ನಾಯಕರಾಗಿದ್ದಾಗಲೇ, 1978ರಲ್ಲಿ, ಅವರ ವಾದನದ ಧ್ವನಿಮುದ್ರಿಕೆ ಹೊರಬಂತು. ಅದರಲ್ಲಿ ಪಿಟೀಲಿಗೆ ಜೊತೆಯಾದ ಬ್ಯಾಂಜೊ ಎಂಬ ತಂತಿವಾದ್ಯ ಆಫ್ರಿಕಾದ ಮೂಲದ್ದು, ಗುಲಾಮರಾಗಿ ತರಲ್ಪಟ್ಟವರ ಕೈಯಲ್ಲಿ ರೂಪುಗೊಂಡದ್ದು. ಆ ಬೆಟ್ಟಗಳ ಸಂಗೀತದಲ್ಲಿ ಕರಿಯರ ಪಾಲು ಅಷ್ಟು ಆಳವಾಗಿದ್ದರೂ, ಯೌವನದಲ್ಲಿ ಬಿಳಿಯರ ಮೇಲ್ಮೆಯನ್ನು ಸಾರುವ ಕು ಕ್ಲಕ್ಸ್ ಕ್ಲಾನ್ ಎಂಬ ಹಿಂಸಾತ್ಮಕ ಗುಪ್ತಸಂಘವನ್ನು ಸೇರಿದ್ದ ಬರ್ಡ್, ಕರಿಯರಿಗೆ ಸಮಾನ ಹಕ್ಕು ನೀಡುವ ಮಸೂದೆಯನ್ನು ತಡೆಯಲೆಂದು 1964ರ ಜೂನ್‌ನಲ್ಲಿ 14 ಗಂಟೆಗೂ ಹೆಚ್ಚು ಕಾಲ ಸೆನೆಟ್‌ನಲ್ಲಿ ಮಾತನಾಡಿದರು. ನನ್ನನ್ನು ಕಾಡುವುದು ಇದು, ಮತಯಾಚನೆಯಲ್ಲ. ಕ್ಲಾನ್ ಸೇರಿದ್ದು ತಮ್ಮ ಬದುಕಿನ ಬಹುದೊಡ್ಡ ತಪ್ಪೆಂದು ಅವರು ಮುಂದೆ ಬಹಿರಂಗವಾಗಿ ಒಪ್ಪಿಕೊಂಡರು. ಮಾರ್ಟಿನ್ ಲೂಥರ್ ಕಿಂಗ್ ಅವರ ಹೆಸರಿನ ರಾಷ್ಟ್ರೀಯ ರಜಾದಿನಕ್ಕೆ 1983ರಲ್ಲಿ ಮತವನ್ನೂ ನೀಡಿದರು. ಈ ಬದಲಾವಣೆಯನ್ನು ನಾನು ಹಗುರವಾಗಿ ಕಾಣಲಾರೆ, ಆದರೆ ಅದರ ಶ್ರೇಯಸ್ಸನ್ನು ಪಿಟೀಲಿಗೆ ಸಲ್ಲಿಸಲೂ ಆರೆ.

ವಾದ್ಯ ಜನರನ್ನು ಸೇರಿಸಬಲ್ಲದು. ಸೇರಿದವರ ಮುಂದೆ ಆಡಿದ ಮಾತಿಗೆ, ಸದನದಲ್ಲಿ ಹಾಕಿದ ಮತಕ್ಕೆ ನುಡಿಸಿದವರೇ ಹೊಣೆ. ಆದ್ದರಿಂದ ಬರ್ಡ್ ಅವರನ್ನು ಕಲಾವಿದರೆಂದು ಕರೆದುದನ್ನು ನಾನು ಹಿಂತೆಗೆದುಕೊಳ್ಳುವುದಿಲ್ಲ. ಆದರೆ ಅವರ ಕಮಾನಿನ ಹಿಡಿತವನ್ನು ಅಷ್ಟು ವಿವರವಾಗಿ ಬಣ್ಣಿಸಿದ ನಮ್ಮ ಲೇಖನ, ಆ 14 ಗಂಟೆಗಳ ಬಗ್ಗೆ ಒಂದು ಸಾಲನ್ನೂ ಬರೆಯಲಿಲ್ಲ. ಆ ಲೋಪ ನನ್ನದು; ನಿಮ್ಮ ಪತ್ರದಿಂದಾಗಿ ಅದನ್ನು ಇಲ್ಲಿ ಸರಿಪಡಿಸಲು ಸಾಧ್ಯವಾಯಿತು.

— ಸಂಪಾದಕ