ಗದ್ದೆಗೆ ಹೊಡೆದ ಎಣ್ಣೆಯಿಂದ ಮಗನಿಗೆ ಆಟಿಸಂ ಬಂತೇ?

ತಂಗಿ, ಸಿಂಧನೂರಿನ ಗದ್ದೆ ಬದಿಯ ಮನೆಯಿಂದ ನೀವು ಕೇಳಿದ್ದೀರಿ: ಬಸಿರಿನಲ್ಲಿ ಮೂಗಿಗೆ ಬಡಿದ ಎಣ್ಣೆಯ (ಕೀಟನಾಶಕದ) ಗಾಳಿಯಿಂದ ಮಗನಿಗೆ ಆಟಿಸಂ ಬಂತೇ, ಅಥವಾ ಅತ್ತೆ ಹೇಳುವಂತೆ ನಿಮ್ಮ ತವರಿನ ರಕ್ತದಿಂದ ಬಂತೇ, ಇನ್ನೊಂದು ಮಗು ಹೆರಬಹುದೇ ಎಂದು. ನಾನು ವೈದ್ಯನಲ್ಲ. ಗಂಗಾವತಿ ಕಡೆಯ ಭತ್ತದ ರೈತ, ಆಟಿಸಂ ಇರುವ ಹನ್ನೊಂದು ವರ್ಷದ ಮಗಳ ಅಪ್ಪ. ಈ ಪ್ರಶ್ನೆ ನನ್ನನ್ನು ವರ್ಷಗಟ್ಟಲೆ ತಿಂದಿದೆ. ನಮ್ಮ ಗದ್ದೆಗೆ ಎಣ್ಣೆ ಹೊಡೆದವನು ನಾನೇ.

ಭತ್ತದ ಬೆಂಕಿ ರೋಗವನ್ನು ನೀವೂ ನೋಡಿರುತ್ತೀರಿ. ಯೂರಿಯಾ ಹೆಚ್ಚಾಗಿ, ಮೇಲೆ ಇಬ್ಬನಿಯೂ ಸುರಿದರೆ ಒಂದು ತಳಿ ಸುಟ್ಟಂತಾಗುತ್ತದೆ. ಅದೇ ಕಾಲುವೆಯ ನೀರು ಕುಡಿದ ಪಕ್ಕದ ಮಡಿಯ ಇನ್ನೊಂದು ತಳಿ ಹಸಿರಾಗಿಯೇ ನಿಲ್ಲುತ್ತದೆ. ತಪ್ಪು ತಳಿಯದೋ ಇಬ್ಬನಿಯದೋ? ಬಿಡಿಸಿ ಹೇಳಲಾಗದು. (ನಮ್ಮ ಮಕ್ಕಳು ರೋಗಿಗಳಲ್ಲ. ಕಾರಣಗಳು ಕೂಡಿಕೊಳ್ಳುವ ಬಗೆಗಷ್ಟೇ ಈ ಹೋಲಿಕೆ.)

ಆಟಿಸಂನಲ್ಲಿ ವಂಶವಾಹಿಗಳ ಪಾಲು ದೊಡ್ಡದು. 1977ರಲ್ಲಿ ಬ್ರಿಟನ್ನಿನಲ್ಲಿ 21 ಅವಳಿ ಜೋಡಿಗಳನ್ನು ಪರೀಕ್ಷಿಸಿದರು. ತದ್ರೂಪಿ ಅವಳಿಗಳ 11 ಜೋಡಿಗಳಲ್ಲಿ 4ರಲ್ಲಿ ಇಬ್ಬರಿಗೂ ಆಟಿಸಂ ಇತ್ತು; ತದ್ರೂಪಿಗಳಲ್ಲದ 10 ಜೋಡಿಗಳಲ್ಲಿ ಒಂದರಲ್ಲೂ ಹಾಗಿರಲಿಲ್ಲ. ನಂತರದ ದೊಡ್ಡ ಅಧ್ಯಯನಗಳು ಅನುವಂಶೀಯತೆಯನ್ನು, ಅಂದರೆ ಜನರ ನಡುವಿನ ವ್ಯತ್ಯಾಸದಲ್ಲಿ ವಂಶವಾಹಿಗಳ ಪಾಲನ್ನು, ಸುಮಾರು ಶೇ 80ರಷ್ಟು ಎಂದು ಅಂದಾಜಿಸಿವೆ. ಹಾಗೆಂದು ಅದು ತವರಿನ ರಕ್ತವಲ್ಲ. ನೂರಾರು ವಂಶವಾಹಿಗಳ ಮಾತಿದು. ಅವು ತಂದೆಯಿಂದಲೂ ಬರುತ್ತವೆ, ತಾಯಿಯಿಂದಲೂ ಬರುತ್ತವೆ. ಕೆಲವು ಬದಲಾವಣೆಗಳು ಇಬ್ಬರಲ್ಲೂ ಇಲ್ಲದೆ ಮಗುವಿನಲ್ಲೇ ಹೊಸದಾಗಿ ಮೂಡುತ್ತವೆ. ಇಷ್ಟನ್ನು ನಿಮ್ಮ ಅತ್ತೆಗೆ ಓದಿ ಹೇಳಿ.

ಇನ್ನು ಎಣ್ಣೆ. 2014ರಲ್ಲಿ ಪ್ರಕಟವಾದ ಕ್ಯಾಲಿಫೋರ್ನಿಯಾದ ಅಧ್ಯಯನವೊಂದರಲ್ಲಿ, ಬಸಿರಿನಲ್ಲಿ ಆರ್ಗನೊಫಾಸ್ಫೇಟ್ ಕೀಟನಾಶಕ ಹೊಡೆದ ಹೊಲಗಳ ಹತ್ತಿರ ಇದ್ದ ತಾಯಂದಿರ ಮಕ್ಕಳಲ್ಲಿ ಆಟಿಸಂ ಹೆಚ್ಚಾಗಿ ಕಂಡುಬಂತು. ಅದು ನಂಟು ಮಾತ್ರ. ನಿಮ್ಮ ಮಗನಿಗೆ, ನನ್ನ ಮಗಳಿಗೆ ಅದರಿಂದಲೇ ಬಂತೆಂಬ ತೀರ್ಪಲ್ಲ. ಈ ವಿಷವನ್ನು ಒಡೆಯಲು ನೆರವಾಗುವ ಪ್ಯಾರಾಆಕ್ಸೊನೇಸ್ ಎಂಬ ಕಿಣ್ವ ನಮ್ಮ ಮೈಯಲ್ಲಿದೆ. ವಂಶವಾಹಿಗೆ ತಕ್ಕಂತೆ ಅದರ ಚುರುಕು ಒಬ್ಬೊಬ್ಬರಲ್ಲಿ ಒಂದೊಂದು ತೆರ. ಹಾಗಾಗಿ ಒಂದೇ ಓಣಿಯ ಇಬ್ಬರು ಬಸುರಿಯರು ಒಂದೇ ಗಾಳಿ ಕುಡಿದರೂ ಅವರ ಮೈ ಅದನ್ನು ಒಂದೇ ರೀತಿ ತಾಳುವುದಿಲ್ಲ. ಇದು ಅರ್ಥವಾದ ದಿನ ನನ್ನ ಎದೆಯ ಭಾರ ಅರ್ಧ ಇಳಿಯಿತು.

ಎರಡನೆಯ ಮಗುವಿಗೂ ಆಟಿಸಂ ಇರುವ ಸಾಧ್ಯತೆ ಸುಮಾರು ಐದರಲ್ಲಿ ಒಂದು. ಐದರಲ್ಲಿ ನಾಲ್ಕು ಪಾಲು ಇರುವುದಿಲ್ಲ ಎಂದೂ ಓದಿಕೊಳ್ಳಿ. ತೀರ್ಮಾನ ನೀವಿಬ್ಬರೇ ಮಾಡಬೇಕಾದ್ದು. ಮುಂದುವರಿಯುವುದಾದರೆ ಗರ್ಭ ನಿಲ್ಲುವ ಮೊದಲೇ ವೈದ್ಯರನ್ನು ಕಂಡು ಫೋಲಿಕ್ ಆಸಿಡ್ ಮಾತ್ರೆ ಶುರು ಮಾಡಿ, ರುಬೆಲ್ಲಾ ಲಸಿಕೆ ಆಗಿದೆಯೇ ಕೇಳಿ. ಮೂರ್ಛೆಗೆ ವಾಲ್‌ಪ್ರೊಯೇಟ್ ನುಂಗುತ್ತಿದ್ದರೆ ಖಂಡಿತ ತಿಳಿಸಿ, ನೀವಾಗಿಯೇ ನಿಲ್ಲಿಸಬೇಡಿ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗಿದ್ದರೆ ಅದನ್ನೂ ಮುಚ್ಚಿಡಬೇಡಿ.

ಎಣ್ಣೆ ಹೊಡೆಯುವ ದಿನ ನೀವು ಮನೆಯಲ್ಲಿರಬೇಡಿ. ನಾನೀಗ ಹೊರಗಿನ ನಲ್ಲಿಯಲ್ಲೇ ಮಿಂದು, ಹೊಲದ ಬಟ್ಟೆ ಅಲ್ಲೇ ಬಿಟ್ಟು ಒಳಗೆ ಬರುತ್ತೇನೆ. ನಿಮ್ಮ ಯಜಮಾನರಿಗೂ ಹೇಳಿ.