ಪಾವಗಡದ ಹೊಲದಲ್ಲಿ ಸಿಕ್ಕ ಹರಡಿನ ಮೂಳೆ ಯಾವುದರದ್ದು?
ಉಳುವಾಗ ಸಿಕ್ಕ 3 ಸೆಂಟಿಮೀಟರ್ ಉದ್ದದ ಹರಡಿನ ಮೂಳೆ (ಹಿಂಗಾಲಿನ ಹಿಮ್ಮಡಿ ಹತ್ತಿರದ ಕೀಲಿನ ಮೂಳೆ) ದನದ್ದೋ, ಕುರಿಯದ್ದೋ, ಮೇಕೆಯದ್ದೋ ಅಂತ ಕೇಳಿದ್ದೀರಿ. ದನದ್ದಲ್ಲ ಬಿಡಿ. ಬೆಳೆದ ದನದ್ದು 6 ಸೆಂಟಿಮೀಟರ್ ಆಸುಪಾಸು ಇರುತ್ತದೆ, ಎಳೆಗರುವಿನದ್ದಾದರೆ ಮೈ ತೂತುತೂತಾಗಿ ಹಗುರವಾಗಿರುತ್ತದೆ, ನಿಮ್ಮ ಫೋಟೋದಲ್ಲಿ ಮೈ ನುಣ್ಣಗಿದೆ. ಆಕಾರ ಮಾತ್ರ ಮೂರಕ್ಕೂ ಒಂದೇ, ಮೇಲೂ ಕೆಳಗೂ ಬಾವಿಯ ರಾಟೆ ಥರ ನಡುವೆ ತಗ್ಗು. ಕುರಿ, ಮೇಕೆ ಬೇರ್ಪಡಿಸುವುದು ನಿಜಕ್ಕೂ ಕಷ್ಟ, ಅಗೆತದಲ್ಲಿ ಸಿಕ್ಕವನ್ನು ತಜ್ಞರೂ ಎಷ್ಟೋ ಸಲ 'ಕುರಿ ಅಥವಾ ಮೇಕೆ' ಅಂತ ಸೇರಿಸಿಯೇ ಬರೆಯುತ್ತಾರೆ. ಒಳಮಗ್ಗುಲಲ್ಲಿ ಮೇಲಿನ ಹಿಂಬದಿ ಮೂಲೆ ನೋಡಿ. ಅಲ್ಲಿ ಉಬ್ಬು ಚೆನ್ನಾಗಿ ಚಾಚಿದ್ದರೆ ಸಾಮಾನ್ಯವಾಗಿ ಕುರಿ, ಇಲ್ಲದಂತಿದ್ದರೆ ಮೇಕೆ. ಆದರೆ ಇದೊಂದನ್ನೇ ನಂಬಬೇಡಿ. ನಮ್ಮ ಕಡೆ ಕುರಿ ಜಾಸ್ತಿ ಅಂತ ಸುಮ್ನೆ ಕುರಿ ಅಂದುಬಿಡುವುದೂ ಸರಿಯಲ್ಲ. ಪಕ್ಕದಲ್ಲಿ ಸ್ಕೇಲ್ ಇಟ್ಟು ಎಲ್ಲಾ ಬದಿಯ ಫೋಟೋ ಹಾಕಿ, ನೋಡೋಣ.