ಸ್ಟುಟ್‌ಗಾರ್ಟ್‌ಗೆ ಹೊರಟಿರುವ ನಿಮಗೆ, ನಿಮ್ಮ ಅಮ್ಮನ ಬಗ್ಗೆ

ಸೆಪ್ಟೆಂಬರ್‌ನಲ್ಲಿ ಎಂ.ಎಸ್. ಓದಲು ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬರುತ್ತಿದ್ದೇನೆ, ಏನೇನು ತರಬೇಕು, ಅಲ್ಲಿ ಬದುಕು ಹೇಗೆ ಅಂತ ಕೇಳಿದ್ದೀರಿ. ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದೀರಿ: "ಅಮ್ಮ ದಿನಾ ಅಳ್ತಿದ್ದಾರೆ, ಏನು ಹೇಳಬೇಕೋ ಗೊತ್ತಾಗ್ತಿಲ್ಲ." ನಾನು ಇಲ್ಲಿಗೆ ಬಂದದ್ದು 2011ರಲ್ಲಿ. ನಿಮ್ಮ ಆ ಸಾಲು ಓದಿದ ಮೇಲೆ ಬರೆಯದೇ ಇರಲು ಆಗಲಿಲ್ಲ.

ಮೊದಲು ದುಡ್ಡಿನ ವಿಷಯ. ವೀಸಾಕ್ಕಾಗಿ ಮೊದಲೇ ತೆರೆಯುವ, ಒಂದು ವರ್ಷದ ಖರ್ಚಿನ ಬ್ಲಾಕ್ಡ್ ಅಕೌಂಟ್‌ನಲ್ಲಿ ಇಡುವ 11,904 ಯೂರೋ ತಿಂಗಳಿಗೆ 992ರಂತೆ ಕೈಗೆ ಬರುತ್ತದೆ. ಅದರಲ್ಲೇ ಬಾಡಿಗೆ, ವಿಮೆ, ಊಟ. ಈ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯವಾದರೆ ನಮ್ಮಂಥವರಿಗೆ ಸೆಮಿಸ್ಟರಿಗೆ 1,500 ಯೂರೋ ಫೀಸು ಬೇರೆ. ಮನೆಗೆ ಬಂದ ಎರಡು ವಾರದೊಳಗೆ ಆನ್‌ಮೆಲ್ಡುಂಗ್, ಅಂದರೆ ವಿಳಾಸದ ನೋಂದಣಿ, ಮುಗಿಸಿ. ನೀರಿನ ಪ್ಲಾಸ್ಟಿಕ್ ಬಾಟಲಿ ಎಸೆಯಬೇಡಿ, ವಾಪಸ್ ಕೊಟ್ಟರೆ 25 ಸೆಂಟ್ ಸಿಗುತ್ತದೆ.

ದಿನಾ ರಾತ್ರಿ ಮಲಗುವ ಮುಂಚೆ ಖರ್ಚು ಬರೆದಿಡಿ. ಇದು ನಮ್ಮಮ್ಮ ಕಲಿಸಿದ್ದು. ನಮ್ಮದು ಅರಸೀಕೆರೆ ಹತ್ತಿರದ ಹಳ್ಳಿ. ಅಮ್ಮ ಏಳನೇ ಕ್ಲಾಸಿಗೇ ಓದು ಬಿಟ್ಟವರು. ಡೇರಿಗೆ ಹಾಕಿದ ಹಾಲು, ತಿಪಟೂರಿಗೆ ಹೋದ ಕೊಬ್ಬರಿ, ನನ್ನ ಬಸ್ ಪಾಸು, ಎಲ್ಲವೂ ಒಂದು ಹಳೇ ನೋಟ್‌ಬುಕ್ಕಿನಲ್ಲಿ ಇರುತ್ತಿತ್ತು. ಬಂದದ್ದು ಎಡಕ್ಕೆ, ಹೋದದ್ದು ಬಲಕ್ಕೆ. ಇವತ್ತಿಗೂ ನನ್ನ ಲೆಕ್ಕದ ಪುಸ್ತಕ ಹಾಗೇ ಇದೆ.

ಇನ್ನು ತರುವ ಸಾಮಾನು. ಸಾರಿನ ಪುಡಿ, ಚಟ್ನಿಪುಡಿ ತನ್ನಿ. ತುಪ್ಪ ಮಾತ್ರ ತರಬೇಡಿ, ಪೇಡಾನೂ ಬೇಡ. ಯುರೋಪಿಯನ್ ಒಕ್ಕೂಟದ ಹೊರಗಿನಿಂದ ಹಾಲಿನ ಪದಾರ್ಥ, ಮಾಂಸ ತರುವಂತಿಲ್ಲ. ನನಗೆ ಅದು ಗೊತ್ತಿರಲಿಲ್ಲ. ಅಮ್ಮ ತಿಂಗಳುಗಟ್ಟಲೆ ಕೆನೆ ಕೂಡಿಟ್ಟು, ಬೆಣ್ಣೆ ತೆಗೆದು, ಕಾಯಿಸಿ, ಸ್ಟೀಲ್ ಡಬ್ಬಿಗೆ ತುಂಬಿ ಬಟ್ಟೆ ಸುತ್ತಿ ಕೊಟ್ಟಿದ್ದರು. ವಿಮಾನ ನಿಲ್ದಾಣದಲ್ಲಿ ಡಬ್ಬಿ ಸಮೇತ ತೆಗೆದುಕೊಂಡುಬಿಟ್ಟರು. ಅಮ್ಮನಿಗೆ ಹೇಳಲು ಬಾಯಿ ಬರಲಿಲ್ಲ. "ತುಪ್ಪ ಚೆನ್ನಾಗಿದೆಯಾ?" ಅಂದಾಗ, "ದಿನಾ ಮುದ್ದೆಗೆ ಹಾಕ್ಕೊಳ್ತೀನಿ" ಅಂದೆ. ಎಷ್ಟೋ ವರ್ಷ ಆದ ಮೇಲೆ ನಿಜ ಹೇಳಿದೆ. "ಗೊತ್ತಿತ್ತು ಬಿಡು. ತುಪ್ಪ ಮುಗೀತು ಅಂತ ನೀನು ಒಂದು ಸಲಾನೂ ಹೇಳಲಿಲ್ವಲ್ಲ" ಅಂದರು.

ನನ್ನ ಮೊದಲ ಕೋಣೆ ಹಳೇ ಕಟ್ಟಡವೊಂದರ ಮೂರನೇ ಮಹಡಿಯಲ್ಲಿತ್ತು. ಬಂದ ಎರಡನೇ ವಾರ ಬಾಗಿಲ ಹಿಡಿಗೆ ಯಾರೋ ಒಂದು ಹಲಗೆ ನೇತುಹಾಕಿದ್ದರು. ಕೇರ್‌ವೋಖೆ ಅಂತ ಬರೆದಿತ್ತು. ಈ ಸೀಮೆಯ ಪದ್ಧತಿ ಅದು. ಕಟ್ಟಡದ ಮೆಟ್ಟಿಲು, ಅಂಗಳ ಗುಡಿಸುವ ಸರದಿ ವಾರಕ್ಕೊಂದು ಮನೆಗೆ ಬರುತ್ತದೆ, ಹಲಗೆ ಬಂದರೆ ಆ ವಾರ ನಿಮ್ಮದು. ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ, "ಕೇರೋ ವಾರಾನಾ? ಮೊರದಲ್ಲಿ ಕೇರೋದಾ?" ಅಂದರು. ಜರ್ಮನ್‌ನಲ್ಲಿ ಅದು ಗುಡಿಸುವ ವಾರ. ನನಗೆ ಇಂದಿಗೂ ಆ ಪದ ಕನ್ನಡದ್ದೇ ಅನ್ನಿಸುತ್ತದೆ.

ಹೆಣ್ಣು ಗಂಡು ಅಂತ ನೋಡದೆ ಅಮ್ಮ ನಮ್ಮೆಲ್ಲರ ಕೈಗೂ ಪೊರಕೆ ಕೊಟ್ಟವರು. ಮೇಲಿನಿಂದ ಕೆಳಕ್ಕೆ ಬಾ, ಮೂಲೆ ಬಿಡಬೇಡ, ಒರೆಸೋ ನೀರು ಎರಡು ಸಲ ಬದಲಿಸು. ನಾನು ಹಾಗೇ ಮಾಡಿದೆ. ಕೆಳಗಿನ ಮನೆಯ ಅಜ್ಜಿ ಬಾಗಿಲು ತೆಗೆದು ಸ್ವಲ್ಪ ಹೊತ್ತು ನೋಡುತ್ತಾ ನಿಂತರು. ಯಾರು ಕಲಿಸಿದ್ದು ಅಂತ ಕೇಳಿದರು. ನನಗೆ ಬರುತ್ತಿದ್ದ ಜರ್ಮನ್ ಅಷ್ಟರಲ್ಲೇ ಇತ್ತು. "ಮೈನೆ ಮುಟರ್" ಅಂದೆ. ನನ್ನ ಅಮ್ಮ. ಮಾರನೇ ಶನಿವಾರ ಅಜ್ಜಿ ಪ್ಲಮ್ ಹಣ್ಣಿನ ಕೇಕ್ ಹಿಡಿದು ಬಂದರು. ಈ ಊರಿನಲ್ಲಿ ನನಗೆ ಸಿಕ್ಕ ಮೊದಲ ನೆಂಟರು ಅವರು.

ಆದರೂ ಮೊದಲ ಚಳಿಗಾಲ ಕಷ್ಟ, ಸುಳ್ಳು ಹೇಳುವುದಿಲ್ಲ. ಡಿಸೆಂಬರ್‌ನಲ್ಲಿ ಬೆಳಕಾಗುವುದು ಎಂಟರ ಮೇಲೆ, ಸಂಜೆ ನಾಲ್ಕೂವರೆಗೆ ಕತ್ತಲು. ಆ ಸೆಮಿಸ್ಟರ್ ನಾನು ಎರಡು ಪರೀಕ್ಷೆಯಲ್ಲಿ ಫೇಲಾದೆ. ನಾಚಿಕೆಯಿಂದ ಮನೆಗೆ ಫೋನ್ ಮಾಡುವುದನ್ನೇ ಬಿಟ್ಟೆ. ಒಂಬತ್ತನೇ ದಿನ ಅಮ್ಮನೇ ಮಾಡಿದರು. ಯಾಕೆ ಫೋನ್ ಮಾಡಲಿಲ್ಲ ಅಂತ ಕೇಳಲಿಲ್ಲ. "ಉಂಡೆಯಾ?" ಅಂದರು. ನಾನು ಸುಮ್ಮನಿದ್ದೆ. "ಮೊದಲು ಅಕ್ಕಿ ತೊಳಿ, ಫೋನ್ ಇಡಬೇಡ, ನಾನು ಇಲ್ಲೇ ಇದ್ದೀನಿ" ಅಂದರು. ಅನ್ನ ಆಗುವವರೆಗೂ ಹಟ್ಟಿ ಸುದ್ದಿ ಹೇಳಿದರು. ಕರು ಹಾಕಿದ ಹಸು, ಬೋರ್‌ವೆಲ್‌ನಲ್ಲಿ ನೀರು ಕಮ್ಮಿಯಾಗಿದ್ದು, ಪಕ್ಕದ ಮನೆಯ ಮದುವೆ. ಉಂಡ ಮೇಲೆ ನಾನೇ ಪರೀಕ್ಷೆಯ ವಿಷಯ ಹೇಳಿದೆ. "ಇನ್ನೊಂದು ಸಲ ಬರೆಯೋಕೆ ಬಿಡ್ತಾರಾ? ಹಂಗಾದ್ರೆ ಬರಿ." ಅಷ್ಟೇ. ಬರೆದೆ, ಪಾಸಾದೆ. ಈಗ ಇಲ್ಲಿ ಯಾರಾದರೂ ಹುಡುಗರು ಕುಗ್ಗಿ ಕೂತರೆ ನಾನೂ ಮೊದಲು ಊಟ ಆಯ್ತಾ ಅಂತಲೇ ಕೇಳುತ್ತೇನೆ.

2017ರಲ್ಲಿ ಅಮ್ಮ ಬಂದಿದ್ದರು, ವೀಸಾ ಕೊಟ್ಟ ತೊಂಬತ್ತು ದಿನ. ಒಂದು ದಿನ ಟ್ಯೂಬಿಂಗೆನ್‌ಗೆ ಕರೆದುಕೊಂಡು ಹೋದೆ, ಇಲ್ಲಿಂದ ರೈಲಿನಲ್ಲಿ ಒಂದು ಗಂಟೆ ಅಷ್ಟೆ. ಕನ್ನಡದ ದೊಡ್ಡ ನಿಘಂಟು ಮಾಡಿದ ಕಿಟೆಲ್ ಕೊನೆಗಾಲದಲ್ಲಿ ಇದ್ದ ಊರು ಅದು. 1903ರಲ್ಲಿ ತೀರಿಕೊಂಡದ್ದೂ ಅಲ್ಲೇ. ನೆಕ್ಕರ್ ನದಿಯ ದಂಡೆಯಲ್ಲಿ ಕೂತು ಅಮ್ಮನಿಗೆ ಎಲ್ಲ ಹೇಳಿದೆ. 1853ರಲ್ಲಿ ಹಡಗು ಹತ್ತಿ ನಮ್ಮ ಕಡೆಗೆ ಬಂದದ್ದು, ವರ್ಷಗಟ್ಟಲೆ ಒಂದೊಂದೇ ಪದ ಕೂಡಿಸಿದ್ದು, 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದದ್ದು, ಅದರಲ್ಲಿ ಸುಮಾರು 70,000 ಪದ ಇರುವುದು. ಅಮ್ಮ ಪೂರ್ತಿ ಕೇಳಿದರು. ಆಮೇಲೆ, "ಬರುವಾಗ ಎಷ್ಟು ವಯಸ್ಸು?" ಅಂದರು. ಇಪ್ಪತ್ತೊಂದು ಅಂದೆ. ನೀರು ನೋಡುತ್ತಾ, "ಅವರಮ್ಮ ಕಾಗದಕ್ಕೆ ಎಷ್ಟು ದಿನ ಕಾಯ್ತಿದ್ರೋ" ಅಂದರು.

ನಾನು ಮನೆ ಬಿಟ್ಟಾಗ ಇಪ್ಪತ್ತಮೂರು. ಆ ಒಂಬತ್ತು ದಿನ ನೆನಪಾಯಿತು. ಅಲ್ಲೇ ಅಮ್ಮನ ಕೈ ಹಿಡಿದು, ನೀನು ಕಲಿಸಿದ್ದರಿಂದಲೇ ಇಲ್ಲಿ ನಿಂತಿದ್ದೀನಿ ಅಂದೆ. ನಮ್ಮ ಮನೆಯಲ್ಲಿ ಹೀಗೆಲ್ಲ ಬಾಯಿಬಿಟ್ಟು ಹೇಳುವ ರೂಢಿಯೇ ಇಲ್ಲ. ಅಮ್ಮ ಸೆರಗಿನಲ್ಲಿ ಕಣ್ಣು ಒರೆಸಿಕೊಂಡು, "ಹಂಗೆಲ್ಲ ಅನ್ನಬೇಡ, ದೃಷ್ಟಿ ಆಗುತ್ತೆ" ಅಂದರು. ಆದರೆ ವಾಪಸ್ ಬರುವಾಗ ರೈಲಿನಲ್ಲಿ ಪೂರ್ತಿ ನನ್ನ ಕೈ ಬಿಡಲಿಲ್ಲ.

ಅದಕ್ಕೇ ಹೇಳುತ್ತೇನೆ, ಅಮ್ಮ ಅಳುವಾಗ "ಅಳಬೇಡಮ್ಮ" ಅನ್ನಬೇಡಿ. ಪಕ್ಕದಲ್ಲಿ ಕೂತು ಸಾರಿನ ಪುಡಿಯ ಅಳತೆ ಬರೆಸಿಕೊಳ್ಳಿ, ಅವರದೇ ಕೈಬರಹದಲ್ಲಿ. ಅವರಿಂದ ಏನು ಕಲಿತಿರಿ ಅಂತ ಹೊರಡುವ ಮುಂಚೆಯೇ ಹೇಳಿ. ನನ್ನ ಹಾಗೆ ಆರು ವರ್ಷ ತಡ ಮಾಡಬೇಡಿ. ಫೋನಿಗೆ ಭಾನುವಾರ ಬೆಳಿಗ್ಗೆ ಒಳ್ಳೆಯದು. ಇಲ್ಲಿ ಅಂಗಡಿಗಳೆಲ್ಲ ಮುಚ್ಚಿರುತ್ತವೆ, ನಿಮಗೂ ಬಿಡುವು. ನೀವು ಬರುವ ಹೊತ್ತಿಗೆ ಇಲ್ಲಿ ಒಂಬತ್ತು ಗಂಟೆ ಅಂದರೆ ಅಲ್ಲಿ ಹನ್ನೆರಡೂವರೆ. ಅಕ್ಟೋಬರ್ ಕೊನೆಯ ಭಾನುವಾರ ಇಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ, ಆಮೇಲೆ ಅಲ್ಲಿ ಒಂದೂವರೆ ಆಗಿರುತ್ತದೆ. ಅದನ್ನು ಅಮ್ಮನಿಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ ಆ ಒಂದು ಗಂಟೆ ಫೋನ್ ಹಿಡಿದು ಕಾಯುತ್ತಾ ಕೂತಿರುತ್ತಾರೆ.